ಬುಟ್ಟಿಗೆ ಬೀಳುವ ಸಮ್

ತಂಬೂರಿಯನ್ನು ನಾನು ಇಷ್ಟಪಟ್ಟದ್ದು ಅದರ ನಾದಕ್ಕಲ್ಲ, ಅಗಲಕ್ಕೆ. ನನ್ನಂಥ ಸಣಕಲಿಯೊಬ್ಬಳು ಅದರ ಹಿಂದೆ ಸಾಕಷ್ಟು ಮರೆಯಾಗಬಹುದು. ಈಗ ವಿದ್ಯುತ್ತಿನಿಂದ ನುಡಿಯುವ ತಂಬೂರಿ ಪೆಟ್ಟಿಗೆ ಬಂದಿದೆ. ಶ್ರುತಿ ಕೆಡುವುದಿಲ್ಲವಂತೆ. ಆದರೆ ಊಟದ ಡಬ್ಬಿಯಷ್ಟಿರುವ ಅದರ ಹಿಂದೆ ಅಡಗುವುದು ಹೇಗೆ?

ಎಂ.ಎ. ಮುಗಿದ ವರ್ಷ ರಾಣೇಬೆನ್ನೂರಿನಿಂದ ಬಸ್ಸು ಹಿಡಿದು ಬ್ಯಾಡಗಿಗೆ ಹಾಡು ಕಲಿಯಲು ಹೋಗುತ್ತಿದ್ದೆ. ನಮ್ಮ ಮಾಸ್ತರರಿಗೆ ಒಂದು ರೂಢಿಯಿತ್ತು. ಸುಗ್ಗಿಯಲ್ಲಿ ವಾರಕ್ಕೊಮ್ಮೆ ಮಧ್ಯಾಹ್ನ, ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುವ ಗೋದಾಮಿಗೆ ಹೋಗಿ ಹಾಡುತ್ತಿದ್ದರು. ‘ಕೆಲಸ ಬಿಟ್ಟು ಅವ್ರು ನಮ್ಮ ಕಡೆ ಬರಾಕಾಗೂದಿಲ್ಲ, ನಾವ ಹೋಗೂಣು’ ಎನ್ನುವರು. ತಬಲಾದವರು ಮಾತ್ರ ಬರುತ್ತಿರಲಿಲ್ಲ. ಖಾರದ ಧೂಳು ತಬಲೆಗೆ ಆಗದು ಎನ್ನುವುದು ಅವರ ನೆಪ. ಹಾಗಾಗಿ ಮಾಸ್ತರರು ತೊಡೆಯ ಮೇಲೇ ತಾಳ ಹಾಕಿಕೊಂಡು ಹಾಡುತ್ತಿದ್ದರು. ನಾನು ತಂಬೂರಿಯ ಹಿಂದೆ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವವರು ಆ ಗೋದಾಮಿನಲ್ಲಿ ಉಸಿರೆಳೆದು ನೋಡಿಲ್ಲ. ಒಂದು ದಿನ ಮಾಸ್ತರರು ಭೀಮಪಲಾಸಿ ರಾಗಕ್ಕೆಂದು ಬಾಯಿ ತೆರೆದರು, ಬಂದದ್ದು ಕೆಮ್ಮು. ಕಣ್ಣೊರೆಸಿಕೊಳ್ಳುತ್ತ ‘ನೀ ಹಾಡವಾ’ ಎಂದವರೇ ನೀರು ಹುಡುಕಿಕೊಂಡು ಹೊರಗೆ ಹೋದರು. ಮುಂದಿನ ತಿಂಗಳು ಹಾವೇರಿಯಲ್ಲಿ ನಾನು ಮೊದಲ ಸಲ ಸಭೆಯೆದುರು ಹಾಡುವುದಿತ್ತು. ಒಪ್ಪಿಕೊಂಡ ದಿನದಿಂದ, ಬೇಡವೆನ್ನಲು ಒಂದು ಮರ್ಯಾದೆಯ ಕಾರಣ ಹುಡುಕುತ್ತಿದ್ದೆ. ಇಲ್ಲಿ ಸೋತರೆ ಕಾರಣ ಸಿಕ್ಕಂತೆ ಎಂದುಕೊಂಡು ಕಣ್ಣು ಮುಚ್ಚಿ ಶುರುಮಾಡಿದೆ.

ಸ್ವಲ್ಪ ಹೊತ್ತಿಗೆ ತೊಟ್ಟು ಮುರಿಯುವ ಸದ್ದು ನಿಂತಿತು. ಕಣ್ಣು ತೆರೆದರೆ ಎಲ್ಲರ ಮುಷ್ಟಿಗಳೂ ಬುಟ್ಟಿಗಳ ಮೇಲೆ, ಗಾಳಿಯಲ್ಲಿ! ಸಂಗೀತಕ್ಕೆ ಕಲ್ಲೂ ಕರಗುತ್ತದೆ ಎನ್ನುತ್ತಾರೆ. ನಾನು ಇಡೀ ಗೋದಾಮನ್ನೇ ನಿಲ್ಲಿಸಿದೆ ಎಂದು ಹಿಗ್ಗಿದೆ.

‘ತಂಗಿ,’ ಎಂದಳು ಅವರಲ್ಲಿ ಹಿರಿಯಳಾದ ನೀಲವ್ವ, ‘ದನಿ ಚೊಲೋ ಐತಿ. ಆದ್ರ ನಿನ್ನ ಸುತ್ತು ಎಲ್ಲಿ ಮುಗೀತೈತಿ ಹೇಳಬೇ. ಮಾಸ್ತರು ತಿರುಗಿ ಒಂದು ಜಾಗಾಕ್ಕ ಬರ್ತಾರ. ಅಲ್ಲಿಗೆ ನಾವು ಕೈಯಾಗಿನ ಹಿಡಿ ಬುಟ್ಟಿಗೆ ಒಗೀತೇವಿ. ನೀ ಬರವಲ್ಲಿ. ಎಷ್ಟೊತ್ತು ಕೈ ಎತ್ತಿ ಹಿಡೀಬೇಕು?’

‘ಬಸ್ ತಪ್ಪಿರಬೇಕು ಬಿಡಬೇ ಯಕ್ಕಾ, ರಾಣೇಬೆನ್ನೂರಾಕಿ ಅಕಿ!’ ಎಂದಳು ಪಕ್ಕದವಳು. ಗೋದಾಮೆಲ್ಲ ನಕ್ಕಿತು.

ಹಾಡು ಎಲ್ಲಿ ಅಲೆದರೂ ತಾಳದ ಮೊದಲ ಮಾತ್ರೆಗೆ ಮರಳಿ ಬಂದು ಸೇರಬೇಕು. ಅದನ್ನು ಸಮ್ ಎನ್ನುತ್ತೇವೆ. ಅದರ ಬಗ್ಗೆ ನನ್ನ ನೋಟುಬುಕ್ಕಿನಲ್ಲಿ ಅಂದವಾದ ಟಿಪ್ಪಣಿಯೇ ಇತ್ತು. ಮಾಸ್ತರರ ತೊಡೆಯ ತಾಳವಿಲ್ಲದೆ, ಮುಚ್ಚಿದ ಕಣ್ಣಿನ ಕತ್ತಲೆಯಲ್ಲಿ, ನಾನದನ್ನು ಕಳೆದುಕೊಂಡಿದ್ದೆ. ಯಾರೂ ಹೇಳಿಕೊಡದೆ ಇವರು ಅದನ್ನು ಕೈಯಲ್ಲಿ ಹಿಡಿದುಕೊಂಡು ನನಗಾಗಿ ಕಾಯುತ್ತಿದ್ದರು.

‘ನಿಲ್ಲಿಸಲೇನ್ರಿ?’ ಎಂದು ನೀಲವ್ವನನ್ನು ಕೇಳಿದೆ.

‘ನಿಲ್ಲಿಸಿದ್ರ ಹೆಂಗ? ಸಂಜೀಕ ಲಾರಿ ಬರ್ತೈತಿ. ಕಣ್ಣ ತಗದು ಮೊದಲಿಂದ ಹಾಡ.’

ನೀಲವ್ವನ ಕೈ ನೋಡಬೇಕೆಂದರೆ ತಂಬೂರಿಯನ್ನು ಪಕ್ಕಕ್ಕೆ ವಾಲಿಸಬೇಕಾಯಿತು. ವಾಲಿಸಿದೆ. ಎರಡನೆಯ ಸುತ್ತಿಗೆ ಮುಷ್ಟಿಗಳೆಲ್ಲ ಒಟ್ಟಿಗೆ ಇಳಿದವು. ಒಣ ಮೆಣಸಿನಕಾಯಿ ಬುಟ್ಟಿಗೆ ಬೀಳುವ ಸದ್ದು ತಬಲೆಗಿಂತ ಬಹಳ ಮೆತ್ತಗಿನದು, ಆದರೆ ಅದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಬಾಗಿಲಲ್ಲಿ ಮಾಸ್ತರರು ನೀರಿನ ಲೋಟ ಹಿಡಿದು ನಿಂತಿದ್ದರು. ಅವರ ಕೆಮ್ಮು ಯಾವಾಗ ನಿಂತಿತ್ತೆಂದು ನಾನು ಇವತ್ತಿಗೂ ಕೇಳಿಲ್ಲ.

ಹಾವೇರಿಗೆ ಹೋದೆ. ಅಲ್ಲಿ ಒಳ್ಳೆಯ ತಬಲೆಯಿತ್ತು. ತಂಬೂರಿ ಬೇರೆಯವರ ಕೈಯಲ್ಲಿತ್ತು. ಮುಂದಿನ ಸಾಲಿನವರು ಸಭ್ಯರಾಗಿ ಕೈಕಟ್ಟಿ ಕುಳಿತಿದ್ದರು. ಕಣ್ಣು ತೆರೆದೇ ಹಾಡಿದೆ. ಮುಗಿದಾಗ ಚಪ್ಪಾಳೆ ಬಿತ್ತು, ಕೊನೆಯಲ್ಲಿ, ಒಂದೇ ಸಲ. ಬ್ಯಾಡಗಿಯಲ್ಲಿ ಅದು ಸುತ್ತಿಗೊಮ್ಮೆ ಬುಟ್ಟಿಗೆ ಬೀಳುತ್ತಿತ್ತು.