ಸಪೂರ ದಾರ

ಬಿಸು ಹಬ್ಬ ಕಳೆದು ಬಂದ ಶನಿವಾರ ಸಂಜೆ ಫರಂಗಿಪೇಟೆಯ ಗಾಳದ ಅಂಗಡಿಯ ಒಳಗೆ ಇದ್ದವರು ಇಬ್ಬರೇ, ನಾನು ಮತ್ತು ಅಂಗಡಿಯ ಕಾಕ. ಹೊರಗೆ ಹೆದ್ದಾರಿಯ ಬದಿಗೆ ನಿಲ್ಲಿಸಿದ ಕಾರಿನಲ್ಲಿ ಇನ್ನಿಬ್ಬರು. ಮುಂದಿನ ಸೀಟಿನಲ್ಲಿ ಭಾವ, ಹಿಂದೆ ನನ್ನ ಅಕ್ಕ. ಭಾವನಿಗೆ ಮಂಗಳವಾರ, ಗುರುವಾರ, ಶನಿವಾರ ಬಂಟ್ವಾಳದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅಂದಿನದ್ದು ಮುಗಿಸಿಕೊಂಡು ನೇರ ವಾಮದಪದವಿನ ಮನೆಗೆ ಹೋಗುವ ಬದಲು ಹಿಂದಕ್ಕೆ ಇಷ್ಟು ದೂರ ಬಂದದ್ದು ಅವರ ಹಠಕ್ಕೆ. ಮಾರನೆಯ ದಿನ ಪೊಳಲಿಯ ಕೆಳಗಿನ ಹೊಳೆಯಲ್ಲಿ ಗಾಳ ಹಾಕಬೇಕು, ಒಂದೇ ಒಂದು ಮೀನನ್ನು ತಮ್ಮ ಕೈಯಾರೆ ಹಿಡಿದು ಮನೆಗೆ ತರಬೇಕು ಎಂದು ಹೇಳಿಕೊಂಡು ತಿಂಗಳಾಗಿತ್ತು.

ಏನೇನು ತರಬೇಕೆಂದು ಕಾರಿನಿಂದಲೇ ಬೆರಳು ಮಡಚಿ ಹೇಳಿ ಕಳಿಸಿದ್ದರು. ಗಾಳದ ಕೊಕ್ಕೆ ಸಣ್ಣದು. ಸೀಸದ ಗುಂಡು ಕಡಲೆಕಾಳಿನಷ್ಟು. ನೀರಲ್ಲಿ ತೇಲುವ ಬೆಂಡು ಉದ್ದನೆಯದು, ನಡುವೆ ಈ ತುದಿಯಿಂದ ಆ ತುದಿಗೆ ತೂತು ಇರುವಂಥದ್ದು. ನೈಲಾನ್ ದಾರ ಪಾಯಿಂಟ್ ಮೂವತ್ತೈದು ಮಿಲಿಮೀಟರ್ ದಪ್ಪದ್ದು.

"ತೂತು ಮುಖ್ಯ ಮಾರಾಯ. ತೂತಿಲ್ಲದ್ದು ತಂದರೆ ಅದನ್ನು ನಿನ್ನ ಮೂಗಿಗೇ ಕಟ್ಟಿ ಹೊಳೆಗೆ ಬಿಡ್ತೇನೆ."

ನಮ್ಮ ಕಡೆ ಬೆಂಡನ್ನು ದಾರಕ್ಕೆ ಬಿಗಿದು ಕಟ್ಟುತ್ತಾರೆ. ಭಾವನದ್ದು ಜಾರುವ ಬೆಂಡು. ಗಲ್ಫಿನಲ್ಲಿದ್ದ ವರ್ಷಗಳಲ್ಲಿ, ರಜೆಯ ದಿನ ಬಂದರಿನ ಧಕ್ಕೆಯ ಮೇಲೆ ಕುಳಿತು ಯಾರದೋ ಕೈ ನೋಡಿ ಕಲಿತದ್ದು. ದಾರ ಬೆಂಡಿನ ತೂತಿನೊಳಗಿಂದ ಸಲೀಸಾಗಿ ಓಡುತ್ತದೆ. ಎಷ್ಟು ಆಳಕ್ಕೆ ಗಾಳ ಇಳಿಯಬೇಕೋ ಅಷ್ಟಕ್ಕೆ ಸರಿಯಾಗಿ ದಾರದ ಮೇಲೆ ಹತ್ತಿನೂಲಿನ ಒಂದು ಪುಟ್ಟ ಗಂಟು. ಎಸೆಯುವಾಗ ಬೆಂಡು ಕೆಳಗೆ ಗಾಳದ ಬಳಿಯೇ ಇರುತ್ತದೆ. ನೀರಿಗೆ ಬಿದ್ದ ಮೇಲೆ ಗುಂಡಿನ ಭಾರಕ್ಕೆ ದಾರ ಇಳಿಯುತ್ತ ಇಳಿಯುತ್ತ ಆ ಗಂಟು ಬಂದು ಬೆಂಡಿಗೆ ತಾಗಿ ನಿಲ್ಲುತ್ತದೆ. "ಹೊಳೆ ಎಷ್ಟು ಆಳವಾದರೂ ಗಾಳ ನಾನು ಹೇಳಿದಲ್ಲೇ ನಿಲ್ತದೆ. ನಿನ್ನ ಅಕ್ಕನ ಹಾಗಲ್ಲ," ಎಂದು ಅಕ್ಕನಿಗೆ ಕೇಳುವ ಹಾಗೆಯೇ ಹೇಳುತ್ತಿದ್ದರು.

ಅಂಗಡಿಯಲ್ಲಿ ಮೂರು ಸಾಮಾನನ್ನು ಭಾವ ಹೇಳಿದಂತೆಯೇ ತೆಗೆದುಕೊಂಡೆ. ದಾರ ಮಾತ್ರ ಅದರ ಅರ್ಧ ದಪ್ಪದ ಸಪೂರದ್ದು, ಪಾಯಿಂಟ್ ಹದಿನೆಂಟು ಕೇಳಿದೆ.

ಕಾಕ ಕನ್ನಡಕದ ಮೇಲಿಂದ ನೋಡಿದರು. "ಹೊಳೆಗಲ್ವಾ? ಈಗ ಅಡ್ಡಕ್ಕೆ ಕಟ್ಟ ಹಾಕಿ ನೀರು ನಿಂತಿದೆ, ದೊಡ್ಡ ದೊಡ್ಡ ರೋಹು ಮೀನು ಉಂಟು. ಇದು ತುಂಡಾಗ್ತದೆ."

"ತುಂಡಾಗ್ಲಿಕ್ಕೇ ಕಾಕ."

ಕಾಕ ಕಾರಿನ ಕಡೆ ನೋಡಿದರು. ಭಾವನ ಎಡಗೈ ಕಿಟಕಿಯ ಮೇಲಿತ್ತು, ಮೊಣಕೈಯ ಹತ್ತಿರ ಬಿಳಿ ಪಟ್ಟಿ. ನಾನು ತಂದಿದ್ದ ರೀಲಿಗೆ ಕಾಕ ಅಲ್ಲೇ ಕುಳಿತು ಹೊಸ ದಾರ ಸುತ್ತಿದರು, ನಂಬರಿನ ಚೀಟಿ ಅಂಟಿಸಿದ್ದ ಖಾಲಿ ಉರುಳೆಯನ್ನು ಕಸದ ಡಬ್ಬಕ್ಕೆ ಹಾಕಿದರು.

ಸಪೂರ ದಾರ ತರಲು ಹೇಳಿದ್ದು ಅಕ್ಕ. ಆ ಎಡಗೈಯಲ್ಲಿ ಡಯಾಲಿಸಿಸಿಗೆಂದು ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸಿದ್ದರು. ಅಲ್ಲಿ ಅಂಗೈ ಇಟ್ಟರೆ ಒಳಗೆ ಜೇನು ಗುಂಯ್‌ಗುಟ್ಟಿದ ಹಾಗೆ ಆಗುತ್ತಿತ್ತು. ಆ ಕೈಯಲ್ಲಿ ಒಂದು ಕೊಡಪಾನ ನೀರನ್ನೂ ಎತ್ತಬಾರದು, ವಾಚೂ ಕಟ್ಟಬಾರದು. "ಬಲಗೈಯಲ್ಲೇ ಹಿಡೀತೇನೆ ಅಂತಾರೆ," ಅಕ್ಕ ಅಂದು ಆಸ್ಪತ್ರೆಯ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ ಹೇಳಿದ್ದಳು, "ದೊಡ್ಡದು ಎಳೆದರೆ ಎರಡೂ ಕೈ ಹಾಕ್ತಾರೆ. ನನಗೆ ಗೊತ್ತಿಲ್ವಾ ಅವರನ್ನು? ಆ ಕೈ ಹಾಳಾದರೆ ಮಿಷನಿಗೆ ಕೊಡ್ಲಿಕ್ಕೆ ಬೇರೆ ಕೈ ಇಲ್ಲ. ಅವರು ಹೇಳಿದ ದಾರ ತರಬೇಡ. ಎಳೆದರೆ ತುಂಡಾಗುವಂಥದ್ದು ತಾ. ಅವರಿಗೆ ಹೇಳ್ಬೇಡ."

ಹೇಳದೆ ಇರುವುದು ನಮಗೆ ಅಭ್ಯಾಸವಾಗಿತ್ತು. ಅಕ್ಕ ತನ್ನ ಒಂದು ಕಿಡ್ನಿ ಕೊಡುತ್ತೇನೆಂದು ಹಠ ಹಿಡಿದು ಪರೀಕ್ಷೆ ಮಾಡಿಸಿದ್ದಳು. ಅದು ಹೊಂದುವುದಿಲ್ಲ ಎಂದು ರಿಪೋರ್ಟು ಬಂದು ತಿಂಗಳು ದಾಟಿತ್ತು. ಭಾವ ಕೇಳಿದಾಗಲೆಲ್ಲ "ಇನ್ನೂ ಬರಲಿಲ್ಲ" ಎನ್ನುತ್ತಿದ್ದೆವು. ನಮ್ಮ ಅಜ್ಜಿ, ಕಾಯಿಲೆಯವರ ಎದುರು ಆಡುವ ಸುಳ್ಳನ್ನು ಸುಳ್ಳಿಗೆ ಸೇರಿಸುತ್ತಿರಲಿಲ್ಲ. ಅದಕ್ಕೆ ಬೆಲ್ಲದ ಮಾತು ಎಂದು ಹೆಸರಿಟ್ಟಿದ್ದಳು. ಆ ಬೆಲ್ಲವನ್ನು ನಾವು ಧಾರಾಳವಾಗಿ ಬಳಸಿದೆವು.

ಕಾರಿಗೆ ಬಂದಾಗ ಭಾವ ರೀಲು ಕೇಳಿದರು. ಮೊದಲೆಲ್ಲ ದಾರವನ್ನು ಕೆಳತುಟಿಯ ಮೇಲೆ ಒಮ್ಮೆ ಎಳೆದು ಎಷ್ಟು ನಂಬರಿನದ್ದೆಂದು ಹೇಳಿಬಿಡುತ್ತಿದ್ದ ಮನುಷ್ಯ. ಅಂದು ತುಟಿ ಬಿರಿದಿತ್ತು, ಅಕ್ಕ ಅದಕ್ಕೆ ತುಪ್ಪ ಹಚ್ಚಿದ್ದಳು. ಬೆರಳಲ್ಲಿ ಮುಟ್ಟಿ ನೋಡಿದರು. ಬೆರಳ ತುದಿ ಜೋಮು ಹಿಡಿದು ಎಷ್ಟೋ ಕಾಲವಾಗಿತ್ತು.

"ಸಪೂರ ಇದ್ದ ಹಾಗೆ ಉಂಟಲ್ಲ?"

"ಈಗಿನ ದಾರ ಹಾಗೆಯೇ ಭಾವ. ಸಪೂರ ಕಂಡರೂ ಗಟ್ಟಿ. ಮೂವತ್ತೈದೇ."

"ನೀನು ಹೇಳಿದ ಮೇಲೆ ಸರಿ," ಎಂದು ರೀಲನ್ನು ಮಡಿಲಲ್ಲಿ ಇಟ್ಟುಕೊಂಡರು.

ಭಾನುವಾರ ಬೆಳಿಗ್ಗೆ ಏಳಕ್ಕೇ ಹೊಳೆಯ ದಂಡೆಯಲ್ಲಿದ್ದೆವು. ಭಾವನಿಗೆ ಪ್ಲಾಸ್ಟಿಕ್ ಕುರ್ಚಿ, ಅಕ್ಕನಿಗೆ ಕಲ್ಲು. ಅಕ್ಕನ ಕೈಯಲ್ಲಿ ಫ್ಲಾಸ್ಕು, ಒಳಗೆ ಮಂಜುಗಡ್ಡೆಯ ಚೂರುಗಳು. ದಿನಕ್ಕೆ ಇಷ್ಟೇ ನೀರು ಎಂದು ಮಿತಿ ಇತ್ತಾದ್ದರಿಂದ, ಬಾಯಾರಿದಾಗ ಒಂದೊಂದೇ ಚೂರು ಚೀಪಲು ಕೊಡುತ್ತಿದ್ದಳು. ಎದುರಿಗೆ ತುಂಬಿದ ಹೊಳೆ. "ನೋಡು, ಇಡೀ ಹೊಳೆ ಇಟ್ಟುಕೊಂಡು ನನಗೆ ಐಸ್‌ಕ್ಯಾಂಡಿ ಕೊಡ್ತಾಳೆ," ಎಂದರು ಭಾವ.

ಅವರೇ ಎಲ್ಲವನ್ನೂ ಕಟ್ಟಿದರು. ಆಳವನ್ನು ಎರಡು ಕೈ ಚಾಚಿ ಒಂದೂವರೆ ಮಾರು ಅಳೆದರು. ಅಕ್ಕನ ಹೊಲಿಗೆಯ ಡಬ್ಬದ ಕೆಂಪು ನೂಲಿನಿಂದ ಗಂಟು ಹಾಕಿದರು. ಗಂಟನ್ನು ಬಿಗಿಯುವ ಮೊದಲು ಒದ್ದೆ ಮಾಡಬೇಕು, ಒಣಗಿದ್ದನ್ನು ಬಿಗಿದರೆ ಉಜ್ಜಿ ದಾರ ಸೋಲುತ್ತದೆ. ಅವರು ಅದನ್ನು ಬಾಯಿಗಿಟ್ಟು, ಹೊರಗೆ ತೆಗೆದು, ನನ್ನ ಕಡೆ ಚಾಚಿದರು.

"ನೀನೇ ಮಾಡು. ನನ್ನ ಬಾಯಲ್ಲಿ ಉಗುಳೂ ಇಲ್ಲ ಮಾರಾಯ."

ನಾನು ಎಂಜಲು ಮಾಡಿ ಕೊಟ್ಟೆ. ಅವರು ಬಿಗಿದರು. ದಾರ ಮೂವತ್ತೈದೆಂದು ನಂಬಿ, ಮೀನು ಎಳೆದಾಗ ದಾರ ಬಿಟ್ಟುಕೊಡುವ ರೀಲಿನ ಬ್ರೇಕನ್ನೂ ಅದಕ್ಕೆ ತಕ್ಕ ಹಾಗೆ ಬಿಗಿ ಮಾಡಿದರು. ನಾನು ನೋಡುತ್ತಲೇ ಇದ್ದೆ.

ಒಂಬತ್ತರ ಹೊತ್ತಿಗೆ ಬೆಂಡು ಒಮ್ಮೆ ಓರೆಯಾಯಿತು, ಮತ್ತೆ ನೆಟ್ಟಗಾಯಿತು, ಆಮೇಲೆ ಗುಳುಂ ಎಂದು ಮಾಯವಾಯಿತು. ಭಾವ ಬಲಗೈಯಲ್ಲಿ ಕೋಲನ್ನು ಎತ್ತಿದರು. ಕೋಲು ಬಿಲ್ಲಿನಂತೆ ಬಾಗಿತು. ಅವರ ಮುಖದಲ್ಲಿ ನಗು ಬಂದದ್ದನ್ನು ನಾನು ಕಂಡೆ. ಎಷ್ಟೋ ಕಾಲದಿಂದ ಕಾಣದ ನಗು. "ದೊಡ್ಡದು, ದೊಡ್ಡದು!" ಎನ್ನುತ್ತ ಅಕ್ಕ ಹೇಳಿದಂತೆಯೇ ಎಡಗೈಯನ್ನೂ ಹಾಕಿದರು. ಅಕ್ಕ ಕಲ್ಲಿನಿಂದ ಎದ್ದಳು. ಅಷ್ಟರಲ್ಲಿ ಟಪ್ ಎಂದಿತು. ಕೋಲು ನೆಟ್ಟಗಾಯಿತು.

ದಾರ ಕೋಲಿನ ತುದಿಯಲ್ಲೇ ತುಂಡಾಗಿತ್ತು.

ಭಾವ ಉಳಿದ ತುದಿಯನ್ನು ಹಿಡಿದು, ಬಿರಿದ ಕೆಳತುಟಿಯ ಮೇಲೆ ನಿಧಾನವಾಗಿ ಎಳೆದು ನೋಡಿದರು.

"ಹದಿನೆಂಟಾ? ಇಪ್ಪತ್ತಾ?"

"ಹದಿನೆಂಟು," ಎಂದೆ.

"ನಾನೇ ಹೇಳಿದ್ದು," ಎಂದಳು ಅಕ್ಕ. "ನಿಮ್ಮ ಕೈ..."

ಅವರು ಅವಳತ್ತ ನೋಡಲಿಲ್ಲ. ಹೊಳೆ ನೋಡುತ್ತಿದ್ದರು. ಹತ್ತು ಮಾರು ಆಚೆ ಬೆಂಡು ಮೇಲೆ ಬಂದಿತ್ತು. ಸ್ವಲ್ಪ ದೂರ ಓಡಿತು, ಮುಳುಗಿತು, ಮತ್ತೆ ಎದ್ದಿತು. ಗಾಳ, ಗುಂಡು, ಬೆಂಡು ಎಲ್ಲವನ್ನೂ ಮೀನು ಎಳೆದುಕೊಂಡು ಹೋಗುತ್ತಿತ್ತು.

"ಹೇಳಿದ್ದರೆ ಆಗ್ತಿತ್ತಲ್ಲ," ಎಂದರು ಭಾವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಮೇಲಿನ ದಾರ ಗಟ್ಟಿ ಹಾಕಿ, ಗಾಳದ ಹತ್ತಿರ ಒಂದು ಗೇಣು ಮಾತ್ರ ಸಪೂರ ಕಟ್ತಿದ್ದೆ. ಎಳೆದರೆ ಅಲ್ಲೇ ತುಂಡಾಗ್ತಿತ್ತು. ನನ್ನ ಕೈಯೂ ಉಳೀತಿತ್ತು, ಅದರ ಬಾಯಲ್ಲಿ ಬರೀ ಒಂದು ಕೊಕ್ಕೆ. ಈಗ ಅಷ್ಟೂ ಕಟ್ಟಿಕೊಂಡು ಅದು ಎಲ್ಲಿಗೆ ಹೋಗ್ತದೆ ಹೇಳು?"

ಬೆಂಡು ಕೆಳಗಿನ ತಿರುವಿನಲ್ಲಿ ಮರೆಯಾಗುವವರೆಗೂ ಮೂವರೂ ನೋಡುತ್ತ ನಿಂತೆವು. ಆಮೇಲೆ ಅಕ್ಕ ಫ್ಲಾಸ್ಕಿನ ಮುಚ್ಚಳ ತೆಗೆದು ಒಂದು ಚೂರು ಮಂಜುಗಡ್ಡೆ ಚಾಚಿದಳು. ಅವರು ತಲೆ ಅಲ್ಲಾಡಿಸಿ ಬೇಡವೆಂದರು.

ಸೋಮವಾರ ಮಧ್ಯಾಹ್ನ ನಾನೊಬ್ಬನೇ ಹೋಗಿ ದಂಡೆ ಹಿಡಿದು ನಡೆದೆ. ತಿರುವಿನಿಂದ ಕೆಳಗೆ, ನೀರಿಗೆ ಬಾಗಿದ ಒಂದು ಮರದ ಬೇರಿಗೆ ದಾರ ಸುತ್ತಿಕೊಂಡಿತ್ತು. ಕೆಂಪು ನೂಲಿನ ಗಂಟು ಇದ್ದಲ್ಲೇ ಇತ್ತು. ಕೆಳಗೆ ರೋಹು ಹೊಟ್ಟೆ ಮೇಲಾಗಿ ತೇಲುತ್ತಿತ್ತು, ಮೊಣಕೈಯಷ್ಟು ಉದ್ದದ್ದು. ದಾರ ಕತ್ತರಿಸಿ ಬೆಂಡನ್ನು ಕಿಸೆಗೆ ಹಾಕಿಕೊಂಡೆ. ಮನೆಗೆ ಬರುವವರೆಗೂ ಒಂದೇ ಯೋಚನೆ. ತಪ್ಪಿಸಿಕೊಂಡು ಹೋಗಿದೆ ಎಂದರೆ ಯಾರಿಗೇನು ನಷ್ಟ? ಅಜ್ಜಿ ಬದುಕಿದ್ದರೆ ಹಾಗೆಯೇ ಹೇಳು ಅನ್ನುತ್ತಿದ್ದಳು.

ಮಂಗಳವಾರ ಡಯಾಲಿಸಿಸಿನ ಹಾಸಿಗೆಯ ಪಕ್ಕ ಕುಳಿತಿದ್ದೆ. ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದಳು. ಭಾವನ ಕೈಯಿಂದ ಕೆಂಪು ನಳಿಗೆ ಯಂತ್ರಕ್ಕೆ, ಯಂತ್ರದಿಂದ ಮತ್ತೆ ಕೈಗೆ.

"ಹೊಳೆಗೆ ಹೋಗಿದ್ದೆಯಾ?" ಎಂದರು. ಹೇಗೆ ತಿಳಿಯಿತೋ.

ಬೆಂಡನ್ನು ಅವರ ಬಲಗೈಯಲ್ಲಿಟ್ಟೆ. "ಸತ್ತಿತ್ತು ಭಾವ."

ಅವರು ಬೆಂಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹೇಳಿದೆಯಲ್ಲ, ಒಳ್ಳೆಯದಾಯಿತು," ಎಂದರು. ಆಮೇಲೆ ಅದೇ ಧ್ವನಿಯಲ್ಲಿ, "ಅಕ್ಕನ ರಿಪೋರ್ಟು ಬಂದಿದೆ ಅಲ್ವಾ?"

"ಬಂದು ತಿಂಗಳಾಯ್ತು."

"ಆಗುವುದಿಲ್ಲ ಅಂತಲಾ?"

"ಹೌದು."

ಭಾವ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೆಂದುಕೊಂಡೆ. ಮೆಟ್ಟಿಲಲ್ಲಿ ಅಕ್ಕನ ಚಪ್ಪಲಿಯ ಸದ್ದು ಕೇಳಿದಾಗ ಮಾತ್ರ ನನ್ನ ಮಣಿಕಟ್ಟು ಹಿಡಿದರು. "ನನಗೆ ಗೊತ್ತಾಗಿದೆ ಅಂತ ಅವಳಿಗೆ ಹೇಳ್ಬೇಡ. ಪಾಪ, ಅಷ್ಟು ಕಷ್ಟಪಟ್ಟು ಅಡಗಿಸಿ ಇಟ್ಟಿದ್ದಾಳೆ." ಅಕ್ಕ ಒಳಗೆ ಬಂದಾಗ, "ಏನಂತೆ, ನಿನ್ನ ರಿಪೋರ್ಟು ಇವತ್ತೂ ಇಲ್ವಾ? ಆ ಲ್ಯಾಬಿನವರು ಎಂತ ನಿದ್ದೆ ಮಾಡ್ತಾರಾ?" ಎಂದರು. "ಬರ್ತದೆ, ಬರ್ತದೆ," ಎಂದಳು ಅಕ್ಕ.

ಮಳೆಗಾಲವಿಡೀ ಅವರು ಹಾಗೆಯೇ ಕೇಳುತ್ತಿದ್ದರು, ಅವಳು ಹಾಗೆಯೇ ಹೇಳುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಭಾವ ತೀರಿಕೊಂಡರು. ಉತ್ತರಕ್ರಿಯೆಗಳೆಲ್ಲ ಮುಗಿದು, ಹೋದವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸುವ ದಿನ ಬಂತು. ಹಿಂದಿನ ದಿನ ನಾನು ಫರಂಗಿಪೇಟೆಗೆ ಹೋಗಿ ಕಾಕನಲ್ಲಿ ಪಾಯಿಂಟ್ ಮೂವತ್ತೈದರ ದಾರ ತೆಗೆದುಕೊಂಡೆ. ಗಾಳದ ಹತ್ತಿರ ಒಂದು ಗೇಣು ಸಪೂರ ದಾರ ಕಟ್ಟಿದೆ. ಕೆಂಪು ಗಂಟನ್ನು ಒದ್ದೆ ಮಾಡಿ ಬಿಗಿದೆ. ಅದೇ ಬೆಂಡು. ಮರುದಿನ ಬೆಳಿಗ್ಗೆ ಹೊಳೆಯಲ್ಲಿ ಎರಡು ಮುಗುಡು ಮೀನು ಸಿಕ್ಕಿದವು.

ಹಿತ್ತಲಿನ ಕಲ್ಲಿನ ಮೇಲೆ ಅಕ್ಕ ಮೀನು ಕೊಯ್ಯುತ್ತ ಕುಳಿತಿದ್ದಳು. ತಲೆ ಎತ್ತದೆಯೇ ಹೇಳಿದಳು, "ಒಂದು ಸಮಾಧಾನ. ಆ ರಿಪೋರ್ಟಿನ ವಿಷಯ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ."

ನಾನು ಹೂಂ ಎಂದೆ. ಬಿಂದಿಗೆ ಬಗ್ಗಿಸಿ ಅವಳ ಕೈಗೆ ನೀರು ಹೊಯ್ದೆ.