ಸ್ವಿಚ್ಚಿನ ಮೇಲಿನ ಕರಿ ಟೇಪು

ಹಂಪಿಗೆ ಮದುವೆ ಮುಂಚಿನ ಫೋಟೊ ತೆಗೆಯಲು ಬರುವ ಫೋಟೊಗ್ರಾಫರುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನೂ ಹೊಸಪೇಟೆಯಲ್ಲಿ ಸಣ್ಣ ಸ್ಟುಡಿಯೊ ಇಟ್ಟುಕೊಂಡವನೇ. ಅದಕ್ಕೇ ಉರಿ ಹೆಚ್ಚು. ಹುಡುಗಿಯನ್ನು ಕಲ್ಲುಕಂಬಕ್ಕೆ ಒರಗಿಸುತ್ತಾರೆ, ಹುಡುಗನಿಗೆ ಕೂಲಿಂಗ್ ಗ್ಲಾಸ್ ಹಾಕಿಸುತ್ತಾರೆ. ಲೆನ್ಸು ಫೋಕಸ್ ಹಿಡಿಯಲಿಲ್ಲವೋ, ಪಂಪ್‌ಸೆಟ್ಟಿನ ವಾಲ್ವ್ ತಿರುಗಿಸಿದ ಹಾಗೆ ರಿಂಗನ್ನು ಹಿಡಿದು ತಿರುವುತ್ತಾರೆ. ಪಕ್ಕದಲ್ಲೇ ಸ್ವಿಚ್ಚಿದೆ. ಆಟೊಗೆ ಎ, ಮ್ಯಾನ್ಯುಯಲ್‌ಗೆ ಎಮ್ ಎಂದು ಅದರ ಮೇಲೆ ಬರೆದಿದೆ. ಎರಡು ಅಕ್ಷರ ಓದಲು ಬಾರದವರಿಗೆ ಕ್ಯಾಮೆರಾ ಯಾಕೆ?

ಕೆಲವು ಹೊಸ ಲೆನ್ಸುಗಳು ಆಟೊದಲ್ಲಿದ್ದಾಗಲೂ ರಿಂಗಿಗೆ ಕೈ ಹಾಕಲು ಬಿಡುತ್ತವೆ. ನನ್ನದು ಹಳೆಯದು, ಬಿಡುವುದಿಲ್ಲ. ಆಟೊದಲ್ಲಿ ಒಳಗಿನ ಪುಟ್ಟ ಮೋಟರು ಹಲ್ಲುಚಕ್ರಗಳ ಮೂಲಕ ರಿಂಗನ್ನು ಹಿಡಿದುಕೊಂಡಿರುತ್ತದೆ. ಎಮ್‌ಗೆ ತಳ್ಳಿದರೆ ಹಿಡಿತ ಬಿಡುತ್ತದೆ, ಆಮೇಲೆ ಒಂದೇ ಬೆರಳಲ್ಲಿ ತಿರುಗಿಸಬಹುದು. ಇಷ್ಟೇ ವಿದ್ಯೆ.

ತಿರುವುವವರಿಗಿಂತ ಒಂದು ಕೈ ಮೇಲಿನವರು ಟೇಪು ಹಚ್ಚುವವರು. ಮದುವೆ ಮಂಟಪದ ನೂಕುನುಗ್ಗಲಲ್ಲಿ ಸ್ವಿಚ್ಚು ಜಾರುತ್ತದೆಂದು ಅದನ್ನು ಎ ಮೇಲಿಟ್ಟು ಕರೆಂಟಿನ ಕರಿ ಟೇಪು ಸುತ್ತಿಬಿಡುವುದು ನಮ್ಮ ಕಡೆಯ ರೂಢಿ. ಗಾಯಕ್ಕೆ ಪಟ್ಟಿ ಕಟ್ಟಿಕೊಂಡ ಹಾಗೆ ಕಾಣುವ ಆ ಲೆನ್ಸುಗಳನ್ನು ತೋರಿಸಿ ನಾನು ಕಡ್ಡಿರಾಂಪುರದ ಚಹಾ ಹೋಟೆಲಿನಲ್ಲಿ ಎಷ್ಟೋ ಸಲ ಆಡಿಕೊಂಡಿದ್ದೇನೆ.

ಹಾಗಿದ್ದವನು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆ ಮದುವೆಯಲ್ಲಿ ಸಿಕ್ಕಿಬಿದ್ದೆ. ಗಿರಣಿಯವರಲ್ಲವೇ, ಅಕ್ಷತೆಯನ್ನು ಹಿಡಿಯಷ್ಟಲ್ಲ, ಬೊಗಸೆಗಟ್ಟಲೆ ಎರಚಿದರು. ಯಾರದೋ ಮೊಣಕೈ ತಾಗಿ ಸ್ವಿಚ್ಚು ಜಾರಿತು, ನಾಲ್ಕು ಫೋಟೊ ಮಸುಕಾದವು. ತಾಳಿ ಕಟ್ಟುವ ಹೊತ್ತಿಗೆ ಲೈಟಿನವನ ಹತ್ತಿರ ಟೇಪು ಇಸಕೊಂಡು ಸುತ್ತಿದೆ. ಇವತ್ತೊಂದು ದಿನ ಎಂದುಕೊಂಡೆ. ಮದುವೆ ಮುಗಿಯಿತು, ಟೇಪು ಹಾಗೇ ಉಳಿಯಿತು.

ಅದಾಗಿ ವಾರಕ್ಕೆ ಸಂಡೂರಿನಿಂದ ಅಪ್ಪನ ಫೋನು ಬಂತು. ಅಪ್ಪ ಯಶವಂತನಗರದ ಕಡೆಯ ಗಣಿಗೆ ಕಾರ್ಮಿಕರನ್ನು ಒಯ್ಯುವ ಕಂಪನಿ ಬಸ್ಸಿನ ಡ್ರೈವರು. ಅವನಿಗೆ ನನ್ನ ಕಸುಬು ಕಂಡರೆ ತಾತ್ಸಾರ, ನನಗೆ ಅವನ ಉಪದೇಶ ಕಂಡರೆ ತಾತ್ಸಾರ. "ಕ್ಲಚ್ ಒತ್ತದ ಗೇರ್ ಹಾಕಿದ್ರ ಹಲ್ಲು ಉದುರ್ತಾವ" ಎಂಬ ಒಂದೇ ಮಾತನ್ನು ಉಣ್ಣುವಾಗಲೂ ಹೇಳುವ ಮನುಷ್ಯ. ಅವತ್ತು ಮಾತ್ರ ದನಿ ತಗ್ಗಿತ್ತು.

"ನಾಳಿ ರಿಟೈರು. ಡ್ರೈವರ್ ಸೀಟಿನ್ಯಾಗ ಕುಂತಿದ್ದು ಒಂದು ಫೋಟೊ ಬೇಕಲೇ. ಇಳದಮ್ಯಾಗ ಆ ಬಸ್ಸು ನಂದಲ್ಲ."

ನಾನು ಹುಟ್ಟಿದಾಗಿನಿಂದ ಅವನು ನನ್ನನ್ನು ಕೇಳಿದ್ದು ಅದೊಂದೇ.

ಮರುದಿನ ಮಧ್ಯಾಹ್ನ ಕಾರ್ಮಿಕರು ಬಸ್ಸಿನ ಮುಂದಿನ ಗಾಜಿಗೆ ಅಡ್ಡಲಾಗಿ ಚೆಂಡುಹೂವಿನ ಹಾರ ಕಟ್ಟಿದ್ದರು. ಗಾಜಿನ ಹಿಂದೆ ಅಪ್ಪ ಹೊಸ ಬಿಳಿ ಅಂಗಿ ತೊಟ್ಟು, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು, ನಗಬೇಕೋ ಬೇಡವೋ ತಿಳಿಯದೆ ಕುಳಿತಿದ್ದ. ಲೆನ್ಸು ಹಾರವನ್ನು ಹಿಡಿಯಿತು. ಬಟನ್ನು ಬಿಟ್ಟು ಒತ್ತಿದೆ, ಗಾಜಿನ ಕೆಂಧೂಳು ಹಿಡಿಯಿತು. ಮತ್ತೆ ಒತ್ತಿದೆ, ಮತ್ತೆ ಹಾರ. ಅಪ್ಪನ ಮುಖ ಮಾತ್ರ ಬೇಡ ಅದಕ್ಕೆ. ಬಸ್ಸಿನ ಕೀಲಿಗಾಗಿ ಬಂದಿದ್ದ ಕಂಪನಿ ಸಾಹೇಬರು ಗಡಿಯಾರ ನೋಡಿಕೊಂಡು "ಜಲ್ದಿ ತಗೀರಿ, ಎರಡ್ನೇ ಶಿಫ್ಟಿನೋರು ಹತ್ತಬೇಕು" ಎಂದರು.

ಎಮ್‌ಗೆ ತಳ್ಳಲು ಹೋದ ಹೆಬ್ಬೆರಳು ಟೇಪಿನ ಮೇಲೆ ಜಾರಿತು. ಟೇಪು ಬಿಚ್ಚಲು ಅರ್ಧ ನಿಮಿಷ ಸಾಕಿತ್ತು. ಆ ಜನರೆದುರು ಉಗುರಿನಿಂದ ಟೇಪು ಕೆರೆಯುತ್ತ ನಿಲ್ಲುವುದೇ? ರಿಂಗನ್ನು ಬಿಗಿಯಾಗಿ ಹಿಡಿದು ತಿರುವಿದೆ. ಒಳಗೆ ಕರ್ರ್ ಎಂದಿತು. ಅಲ್ಲಿಗೆ ರಿಂಗು ಕಚ್ಚಿಕೊಂಡಿತು, ಮೋಟರು ಸತ್ತಿತು.

ಜೇಬಿನಲ್ಲಿ ಮೊಬೈಲಿತ್ತು. ಅದರಲ್ಲೇ ತೆಗೆದಿದ್ದರೂ ಅಪ್ಪನ ಮುಖ ಬರುತ್ತಿತ್ತು. ಆದರೆ ಸ್ಟುಡಿಯೊ ಇಟ್ಟವನು ಮೊಬೈಲು ಎತ್ತುವುದೇ ಎಂಬ ಸೊಕ್ಕು ಅಡ್ಡ ಬಂತು. ಕೆಟ್ಟ ಲೆನ್ಸಿನಲ್ಲೇ ನಾಲ್ಕು ಸಲ ಕ್ಲಿಕ್ ಮಾಡಿ "ಮಸ್ತ್ ಬಂತು, ಇಳಿಯಪ್ಪಾ" ಎಂದೆ. ನನ್ನ ಮಾತು ನಂಬಿ ಅಪ್ಪ ಇಳಿದ, ಕೀಲಿ ಕೊಟ್ಟ. ಇನ್ನೊಬ್ಬ ಡ್ರೈವರು ಹತ್ತಿ ಹಾರ ಸಮೇತ ಬಸ್ಸು ಒಯ್ದ. ಹಂಪಿಯ ಆ ದಡ್ಡರು ಹಾಳು ಮಾಡಿದ್ದು ತಮ್ಮ ಲೆನ್ಸನ್ನು ಮಾತ್ರ. ನಾನು ಅವರಿಗಿಂತ ಕಡೆ.

ಮನೆಗೆ ಹೋದ ಕೂಡಲೇ ಅವ್ವ ಫೋಟೊ ತೋರಿಸು ಎಂದಳು. ಕ್ಯಾಮೆರಾದ ಪರದೆಯಲ್ಲಿ ಚೆಂಡುಹೂವಿನ ಎಸಳು ಎಸಳೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಅದರ ಹಿಂದೆ ಒಂದು ಬಿಳಿ ಮಬ್ಬು.

"ಹಾರ ಚಂದ ಐತಿ. ನಿಮ್ಮಪ್ಪ ಎಲ್ಲಿ?"

ನಾನು ಲೆನ್ಸು ಕೈಕೊಟ್ಟಿತು ಎಂದೆ. ಅಲ್ಲಿಯೂ ನಿಜ ಹೇಳಲಿಲ್ಲ. ಅಪ್ಪ ಕ್ಯಾಮೆರಾ ಇಸಕೊಂಡ. ಲೆನ್ಸಿನ ಸುತ್ತ ಬೆರಳಾಡಿಸಿದ, ಟೇಪು ಸಿಕ್ಕಿತು. ಉಗುರಿನಿಂದ ಎಬ್ಬಿಸಿ ಬಿಚ್ಚಿದ, ಸ್ವಿಚ್ಚನ್ನು ಟಕ್ಕನೆ ಆಚೆ ತಳ್ಳಿ ರಿಂಗು ತಿರುಗಿಸಿದ. ಅವನ ಒಂದು ಬೆರಳಿಗೆ ಅದು ಸಲೀಸಾಗಿ ತಿರುಗಿತು.

"ಕ್ಲಚ್ ಇಲ್ಲೇ ಐತಲ್ಲಲೇ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಟೇಪನ್ನು ಉಂಡೆ ಮಾಡಿ ನನ್ನ ಅಂಗೈಯಲ್ಲಿಟ್ಟ, ಹೊಸ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ.