ಹುಡುಗ ಬರದ ಕಾದಂಬರಿ

ಮೊನ್ನೆ ಬೆಳಿಗ್ಗೆ ಹಾಲು ತರಲು ಹೋದಾಗ, ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ರಸ್ತೆಯ ತಿರುವಿನ ಬಳಿ ಒಬ್ಬಾತ ಗೋಡೆಗೆ ನಾಟಕದ ಪೋಸ್ಟರ್ ಹಚ್ಚುತ್ತಿದ್ದ. ಪಕ್ಕದಲ್ಲಿ ಬಕೆಟ್ ತುಂಬ ಮೈದಾ ಅಂಟು. ಈಗೆಲ್ಲ ಫ್ಲೆಕ್ಸ್ ಕಾಲ. ಆ ವಾಸನೆ ಮೂಗಿಗೆ ಬಿದ್ದು ಎಷ್ಟೋ ವರ್ಷಗಳಾಗಿದ್ದವು. ಬೇಯಿಸಿದ ಮೈದಾ, ಹುಳ ಹತ್ತದಿರಲೆಂದು ಹಾಕಿದ ಮೈಲುತುತ್ತ... ಹಾಲಿನ ಪ್ಯಾಕೆಟ್ ಹಿಡಿದು ಅಲ್ಲೇ ನಿಂತುಬಿಟ್ಟೆ. ಆತ ತಿರುಗಿ, "ಏನ್ ಬೇಕಾಗಿತ್ರಿ ಮೇಡಂ?" ಎಂದ. ನನಗೆ ಬೇಕಾಗಿದ್ದವರು ಹೋಗಿ ಬಹಳ ಕಾಲವಾಗಿತ್ತು.

ಓಣಿಯವರೆಲ್ಲ ಅವರನ್ನು ಲೈಬ್ರರಿ ಅಕ್ಕ ಎನ್ನುತ್ತಿದ್ದರು. ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಕಾದಂಬರಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಮಧ್ಯಾಹ್ನ ಅಡುಗೆ ಮುಗಿಸಿದ ಹೆಂಗಸರು ಸೆರಗಿನಲ್ಲಿ ಪುಸ್ತಕ ಮುಚ್ಚಿಕೊಂಡು ಬರುತ್ತಿದ್ದರು. ಹರಿದ ಪುಸ್ತಕಗಳಿಗೆ ಅಕ್ಕ ತಾವೇ ಅಂಟು ಕುದಿಸಿ ಹಚ್ಚಿ, ಮೇಲೆ ರುಬ್ಬುವ ಗುಂಡನ್ನು ಹೇರಿ ಒಣಗಿಸುತ್ತಿದ್ದರು. ಆಗ ಅವರಿಗೆ ನಲವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಕೆದಕಿ ಕೇಳಿದವರಿಗೆ, "ಇಷ್ಟು ಮಂದಿ ಹೀರೋಗಳ್ನ ಕಪಾಟಿನ್ಯಾಗ ಇಟ್ಕೊಂಡೀನಿ, ಇನ್ನೊಬ್ಬ ಯಾಕ ಬೇಕ್ರಿ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಭಾನುವಾರ ಮಾತ್ರ ಬಾಗಿಲು ತೆರೆಯುತ್ತಿರಲಿಲ್ಲ. ಅಂದು ಅವರು ಹರಿಹರಕ್ಕೆ ಹೋಗುತ್ತಿದ್ದರು. ದೇವಸ್ಥಾನಕ್ಕೆ ಎಂದು ನಾವೆಲ್ಲ ತಿಳಿದಿದ್ದೆವು.

ನಾನಾಗ ಪಿಯುಸಿ. ಊಟ ಬಿಟ್ಟೇನು, ಓದು ಬಿಡಲಾರೆ ಎನ್ನುವ ಜಾತಿ. ಆದರೆ ಒಳಗೊಂದು ಸಂಕಟವಿತ್ತು. ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಬಾರದ ದಿನ ನನಗೆ ಪಾಠವೂ ಬೇಡ, ಬುತ್ತಿಯೂ ಬೇಡ. ಅವಳ ಜಡೆಯ ತುದಿ ನನ್ನ ಕೈಗೆ ತಾಗಿದರೆ ಇಡೀ ದಿನ ಆ ಕೈಯನ್ನು ಜೋಪಾನ ಮಾಡುತ್ತಿದ್ದೆ. ಇದಕ್ಕೆ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಯಾರನ್ನು ಕೇಳಲಿ? ಕಾದಂಬರಿಯಲ್ಲಿ ಎಲ್ಲವೂ ಇರುತ್ತದೆ, ಇದೂ ಇದ್ದೀತು ಎಂದು ಹುಡುಕಿದೆ. ಇಬ್ಬರು ಹುಡುಗಿಯರು ತಾರಸಿಯ ಮೇಲೆ ಕೂತು ಮನಸ್ಸು ಬಿಚ್ಚುತ್ತಿದ್ದಾರೆ ಎನ್ನುವಷ್ಟರಲ್ಲಿ, ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ನಾಯಕ ಬೈಕಿನಲ್ಲಿ ಬಂದುಬಿಡುತ್ತಿದ್ದ. ನನ್ನಂಥವಳು ಯಾವ ಪುಟದಲ್ಲೂ ಇಲ್ಲದಿದ್ದರೆ ಈ ಭೂಮಿಯ ಮೇಲೂ ಇಲ್ಲ, ನಾನೊಬ್ಬಳೇ ಎಲ್ಲೋ ತಪ್ಪಿ ಹುಟ್ಟಿದವಳು ಎಂದೇ ನಂಬಿದ್ದೆ.

ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ. "ಅಕ್ಕಾ, ಹುಡುಗ ಬರದೇ ಇರೋ ಕಾದಂಬರಿ ಐತೇನ್ರಿ?"

"ಹುಡುಗ ಬ್ಯಾಡೇನು? ತಗೋ, ಇದ್ರಾಗ ಬರೀ ಮುದುಕ್ರು ಅದಾರೆ."

ಮುದುಕರನ್ನು ಓದಿ ವಾಪಸು ಕೊಟ್ಟೆ. ಮುಂದಿನ ಸಲ ದೆವ್ವದ ಕಾದಂಬರಿ ಕೊಟ್ಟರು. ದೆವ್ವ ಹೆಣ್ಣೇನೋ ಸರಿ, ಆದರೆ ಅದೂ ಒಬ್ಬ ಗಂಡಸಿನ ಬೆನ್ನು ಹತ್ತಿತ್ತು. ಆಮೇಲೆ ಒಬ್ಬ ಸನ್ಯಾಸಿನಿಯ ಕಥೆ. ಕೊನೆಗೆ ರೋಸಿಹೋಗಿ ಹೇಳಿಯೇಬಿಟ್ಟೆ. "ಹಂಗಲ್ರಿ ಅಕ್ಕಾ. ಇಬ್ರೂ ಹುಡುಗೇರೇ ಇರ್ಬೇಕು. ಕೊನೀಗೂ ಅವರಿಬ್ರೇ ಇರ್ಬೇಕು."

ಅಕ್ಕ ಅಂಟಿನ ಬ್ರಷ್ ಕೆಳಗಿಟ್ಟರು. ಬೈಯುತ್ತಾರೆ, ಅಮ್ಮನಿಗೆ ಹೇಳುತ್ತಾರೆ ಎಂದುಕೊಂಡೆ. ಅವರು ಒಳಗೆ ಹೋಗಿ, ಬಾಡಿಗೆಗೆ ಇಡದಿದ್ದ ಒಂದು ಹಳೆಯ ಕಾದಂಬರಿ ತಂದರು.

"ಇದಕ್ಕಿಂತ ಹತ್ತಿರದ್ದು ನನ್ನತ್ರ ಇಲ್ಲವ್ವ," ಎಂದರು.

ಅದರಲ್ಲಿ ಒಬ್ಬರನ್ನೊಬ್ಬರು ಬಿಟ್ಟಿರಲಾರದ ಇಬ್ಬರು ಗೆಳತಿಯರು. ಅಗಲಬಾರದೆಂದೇ ಅವರು ಅಣ್ಣತಮ್ಮಂದಿರನ್ನು ಮದುವೆಯಾಗಿ, ಒಂದೇ ಮನೆಗೆ ಸೊಸೆಯರಾಗಿ ಹೋಗಿ, ವಾರಗಿತ್ತಿಯರಾಗಿ ಬಾಳುತ್ತಾರೆ. ಒಂದೇ ಒಲೆ, ಒಂದೇ ಹಿತ್ತಲು. ನಮ್ಮ ಕಡೆ ಜೀವದ ಗೆಳತಿಯರು ನಗುನಗುತ್ತ ಆಡಿಕೊಳ್ಳುವ ಮಾತೇ ಅದು. ಯಾರೂ ತಪ್ಪು ತಿಳಿಯುವುದಿಲ್ಲ. ನಾನು ಒಂದೇ ಉಸಿರಿಗೆ ಓದಿ ಅತ್ತೆ. ಆಮೇಲೆ ಸಿಟ್ಟು ಬಂತು. ಮರುದಿನವೇ ಹೋಗಿ ಪುಸ್ತಕ ಅವರ ಮುಂದಿಟ್ಟೆ.

"ಈ ಅಣ್ಣತಮ್ಮ ಯಾಕ್ರೀ ಬೇಕಾಗಿತ್ತು ಇವರಿಗೆ?"

ಅಕ್ಕ ನಕ್ಕರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. "ಇರಾಕ ಒಂದ್ ಮನಿ ಬೇಕಲ್ಲವ್ವ. ಬರೀ ಇಬ್ರು ಹೆಣ್ಮಕ್ಳಿಗೆ ಯಾರು ಕೊಡ್ತಾರೆ?" ಎಂದರು. ಪುಸ್ತಕ ಎತ್ತಿಕೊಳ್ಳುತ್ತ, "ನಾವೂ ಹಂಗೇ ಅನ್ಕೊಂಡಿದ್ವಿ..." ಎಂದರು.

ಅವರಿಗೂ ಅವರ ಗೆಳತಿಗೂ ಹರಿಹರದ ಒಂದೇ ಮನೆಯಿಂದ ಸಂಬಂಧ ಬಂದಿತ್ತಂತೆ. ಅಣ್ಣ ಗೆಳತಿಯನ್ನು ಒಪ್ಪಿದ. ಅಕ್ಕನನ್ನು ನೋಡಿದ ತಮ್ಮ, ಹುಡುಗಿ ಕಪ್ಪು ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗೆಳತಿಯ ಮದುವೆ ಅಷ್ಟರಲ್ಲಿ ನಿಶ್ಚಯವಾಗಿಬಿಟ್ಟಿತ್ತು. ಆಕೆ ಹರಿಹರಕ್ಕೆ ಹೋದಳು. ಅಕ್ಕನಿಗೆ ಆಮೇಲೂ ಸಂಬಂಧಗಳು ಬಂದವು. "ಬ್ಯಾರೆ ಮನಿಗೆ ಹೋಗಿ ನಾ ಏನ್ ಮಾಡ್ಲಿ?" ಎಂದು ಎಲ್ಲವನ್ನೂ ತಿರುಗಿಸಿ ಕಳಿಸಿದರಂತೆ. ಭಾನುವಾರದ ದೇವರು ಯಾರೆಂದು ನನಗೆ ಆಗ ತಿಳಿಯಿತು.

ಮುಂದೊಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು. ಅಮ್ಮನಿಗೆ ದೇವಸ್ಥಾನವೆಂದು ಹೇಳಿದ್ದೆವು. ಅದು ಸುಳ್ಳಾಗಬಾರದೆಂದು ಮೊದಲು ಹರಿಹರೇಶ್ವರನಿಗೆ ಕೈ ಮುಗಿಸಿ ಆಮೇಲೆ ಆ ಮನೆಗೆ ನಡೆಸಿದರು. ಗೆಳತಿ ಬಾಗಿಲಲ್ಲೇ ನಿಂತಿದ್ದರು. "ಬಂದ್ಯಾ?" ಎಂದರು. "ಬಂದೆ," ಎಂದರು ಅಕ್ಕ. ಅಷ್ಟೇ. ಇಬ್ಬರೂ ಹಿತ್ತಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸತೊಡಗಿದರು. ಆ ಮನೆಯವರೆಲ್ಲ ಎರಡು ಹೊತ್ತು ತಿಂದರೂ ಮುಗಿಯದಷ್ಟು ಸೊಪ್ಪು ಅಲ್ಲಿತ್ತು. ಇಬ್ಬರಿಗೂ ಅವಸರವೇ ಇರಲಿಲ್ಲ; ಬಿಡಿಸಿದ ಎಲೆಗಳನ್ನೇ ಮತ್ತೆ ಮತ್ತೆ ಆರಿಸುತ್ತಿದ್ದರು. ಆ ಮನೆಯ ಅತ್ತೆ ನನಗೆ ಮಂಡಕ್ಕಿ ಕೊಡುತ್ತ, "ಅಷ್ಟು ದೂರದಿಂದ ಬರ್ತಾಳೆ, ಒಂದ್ ಮಾತೂ ಆಡಲ್ಲ ನೋಡು. ಇದೆಂಥಾ ಗೆಳೆತನನೋ!" ಎಂದರು. ನಾನು ಕೇಳಿದ್ದ ಕಾದಂಬರಿ ನನ್ನ ಎದುರಿಗೇ ಕೂತಿತ್ತು. ನಾನೊಬ್ಬಳೇ ಅಲ್ಲ ಎಂದು ಎಷ್ಟು ಸಂತೋಷವಾಯಿತೆಂದರೆ, ಕೈಯಲ್ಲಿದ್ದ ಮಂಡಕ್ಕಿ ತಿನ್ನುವುದನ್ನೇ ಮರೆತೆ.

ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕೇಳಿದರು. "ನೀ ಬರಿಯೋದಾದ್ರೆ ಕೊನಿ ಹೆಂಗೆ ಬರೀತಿ?"

"ಇಬ್ರೂ ಬ್ಯಾರೆ ಮನಿ ಮಾಡ್ತಾರ್ರಿ. ದೇವರಾಜ ಅರಸು ಬಡಾವಣೆಯಾಗ."

"ಅಲ್ಲಿ ಯಾರು ಕೊಡ್ತಾರೆ... ಇರ್ಲಿ ಬಿಡು, ಕಾದಂಬರಿ ಅಲ್ಲೇನು, ಕೊಡ್ಲಿ. ಹಿಂದೆ ಜಾಗ ಇರೋ ಮನಿ ನೋಡು. ಆಕೀಗೆ ಮಲ್ಲಿಗಿ ಬಳ್ಳಿ ಹಚ್ಚೋ ಹುಚ್ಚು."

ದಾರಿಯುದ್ದಕ್ಕೂ ಆ ಮನೆ ಕಟ್ಟಿದೆವು. ಅಡುಗೆಮನೆಯ ಕಿಟಕಿ ಯಾವ ಕಡೆ, ಪುಸ್ತಕದ ಕಪಾಟು ಎಲ್ಲಿ, ಬಚ್ಚಲಿಗೆ ಬೆಳಕು ಬರುತ್ತದೋ ಇಲ್ಲವೋ... ದಾವಣಗೆರೆ ಬಂದು ಎಲ್ಲರೂ ಇಳಿದರೂ ಅಕ್ಕ ಕೂತೇ ಇದ್ದರು. ಕಂಡಕ್ಟರ್ ಬಂದು, "ಸ್ಟ್ಯಾಂಡ್ ಬಂತ್ರಿ, ಇಳೀರಿ," ಎನ್ನಬೇಕಾಯಿತು.

ಓದಲೆಂದು ನಾನು ಬೇರೆ ಊರಿಗೆ ಹೋದೆ. ನನ್ನ ಪಕ್ಕ ಕೂರುತ್ತಿದ್ದವಳ ಮದುವೆಗೆ ಬಂದು ಹೋಳಿಗೆ ಊಟ ಮಾಡಿಹೋದೆ. ನನ್ನ ಹೊಟ್ಟೆಯೊಳಗಿನ ಮಾತು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಅಕ್ಕ ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಪುಸ್ತಕಗಳೆಲ್ಲ ರದ್ದಿಗೆ ಹೋಗಿ, ಆ ಕೋಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು.

ಈಗ ಕಾಲ ಬದಲಾಗಿದೆ. ಫೋನಿನಲ್ಲಿ ಹುಡುಕಿದರೆ ನಾನು ಕೇಳಿದಂಥ ಕಥೆಗಳು ರಾಶಿ ರಾಶಿ. ಹದಿಹರೆಯದ ಮಕ್ಕಳಿಗೆಂದೇ ಬರೆದವು, ಹುಡುಗಿ ಹುಡುಗಿಯನ್ನು, ಹುಡುಗ ಹುಡುಗನನ್ನು ಪ್ರೀತಿಸುವಂಥವು. ಮೊದಲು ಇಂಗ್ಲಿಷಿನಲ್ಲಿ ಮಾತ್ರ ಸಿಗುತ್ತಿದ್ದವು. ಹೋದ ತಿಂಗಳು ಕನ್ನಡದ್ದೇ ಒಂದು ತರಿಸಿದೆ. ಇಬ್ಬರು ಕಾಲೇಜು ಹುಡುಗಿಯರು. ಅಳುತ್ತಾರೆ, ಕಾದಾಡುತ್ತಾರೆ, ಕೊನೆಗೆ ಒಂದು ಮನೆ ಹಿಡಿಯುತ್ತಾರೆ. ಕೊನೆಯ ಪುಟದವರೆಗೂ ಉಸಿರು ಬಿಗಿಹಿಡಿದು ಕಾದೆ. ಯಾವ ಹೀರೋನೂ ಬೈಕಿನಲ್ಲಿ ಬರಲಿಲ್ಲ. ಓದಿ ಮುಗಿಸಿದಾಗ, "ಅಕ್ಕಾ, ಸಿಕ್ತ್ರೀ!" ಎಂದು ಓಡಿ ಹೋಗಿ ಹೇಳಬೇಕೆನಿಸಿತು. ಎಲ್ಲಿಗೆ ಓಡಲಿ? ಇಷ್ಟು ಪುಸ್ತಕಗಳಿದ್ದೂ ಅವರಿಲ್ಲದ್ದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ಪೋಸ್ಟರಿನವನನ್ನು ಕಂಡ ಆ ದಿನವೇ ಮನಸ್ಸು ತಡೆಯದೆ ಹರಿಹರದ ಬಸ್ಸು ಹತ್ತಿದೆ. ಅಕ್ಕನ ಗೆಳತಿ ಈಗ ಮೊಮ್ಮಕ್ಕಳ ಅಜ್ಜಿ. ಗುರುತು ಹಿಡಿದು, "ಆಕಿ ಜೊತಿಗೆ ಬಂದಿದ್ಯಲ್ಲ ನೀನು... ಕೂಡು," ಎಂದು ಚಾಪೆ ಹಾಸಿದರು. ಅಕ್ಕ ನನಗಾಗಿ ಹುಡುಕಿದ್ದು, ಸಿಗದೆ ಹೋದದ್ದು, ಈಗ ಸಿಕ್ಕಿದ್ದು ಎಲ್ಲ ಹೇಳಿ ಪುಸ್ತಕವನ್ನು ಅವರ ಕೈಗಿಟ್ಟೆ. ಅವರು ಅದನ್ನು ತೆರೆಯಲಿಲ್ಲ. ಮುಖಪುಟದ ಮೇಲಿನ ಇಬ್ಬರು ಹುಡುಗಿಯರನ್ನು ಬೆರಳಿನಿಂದ ಸವರುತ್ತ ಕೂತರು.

"ಒಂದೇ ಮನ್ಯಾಗ ಇರ್ತಾರೇನು ಇವರು?"

"ಹೂಂ ರಿ ಅಮ್ಮಾ."

"ಜಗಳ ಆಡ್ತಾರೇನು?"

"ದಿನಾ ಆಡ್ತಾರ್ರಿ," ಎಂದು ನಕ್ಕೆ.

ಅವರು ನಗಲಿಲ್ಲ. "ನಾವು ಒಂದಿನಾನೂ ಜಗಳ ಆಡ್ಲಿಲ್ಲವ್ವ," ಎಂದರು. "ವಾರಕ್ಕೊಮ್ಮೆ ಬರೋಳ ಜೊತಿಗೆ ಯಾರು ಜಗಳ ಆಡ್ತಾರೆ?"